ಕ್ಲಾರಾ ಜೆಟ್ಕಿನ್

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ವೀಡರೌ ಎಂಬುದು ಒಂದು ಚಿಕ್ಕ ಹಳ್ಳಿ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಅಲ್ಲಿನ ನಿವಾಸಿಗಳಲ್ಲಿ ಕೆಲವರು ಬಡ ಬೇಸಾಯಗಾರರು, ಕೆಲವರು ಕಾಲುಚೀಲ ಹೆಣೆಯುವ ನೇಕಾರರು. ನೇಕಾರರಿಗೆ ಮನೆಯೇ ಕಾರ್ಖಾನೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಕೂಡಿ ದುಡಿದರೂ ಕೈಗೆ ಬರುತ್ತಿದ್ದ ಕೂಲಿ ಅಲ್ಪ. ಆ ಹಳ್ಳಿಯ ಶಾಲೆಗೆ ಗಾಟ್‌ಫ್ರೀಡ್ ಐಸ್ನರ್ ಎಂಬವರು ಉಪಾಧ್ಯಾಯರಾಗಿದ್ದರು. ಚರ್ಚಿನಲ್ಲಿ ಆರ್ಗನ್ ವಾದ್ಯವನ್ನು ನುಡಿಸುವ ಕೆಲಸವೂ ಅವರದೇ. 1857ರ ಜುಲೈ 5ರಂದು ಅವರಿಗೆ ಒಬ್ಬ ಮಗಳು ಹುಟ್ಟಿದಳು. ಮುಂದೆ ದುಡಿಯುವ ಮಹಿಳೆಯರ ನಾಯಕಿಯೆಂದು ಜಗತ್ತಿನಲ್ಲೆಲ್ಲ ಹೆಸರಾದ ಕ್ಲಾರಾ ಜೆಟ್ಕಿನ್ ಆಕೆಯೇ.

ಕ್ಲಾರಾಳ ತಾಯಿ ಯೋಸೆಫೀನ್ ಸುಶಿಕ್ಷಿತ ಮನೆತನದಿಂದ ಬಂದವರು. ಫ್ರಾನ್ಸಿನ ಮಹಾಕ್ರಾಂತಿಯು ಸಾರಿದ ಸ್ವಾತಂತ್ರ್ಯ, ಸಮಾನತೆಗಳ ಆದರ್ಶ ಅವರ ಮನಸ್ಸನ್ನು ಹಿಡಿದಿತ್ತು. ಹೆಣ್ಣುಮಕ್ಕಳಿಗೆ ವಿದ್ಯೆ ದೊರೆಯಬೇಕೆಂದು ಹಳ್ಳಿಯಲ್ಲಿಯೇ ಒಂದು ಮಹಿಳಾ ಸಂಘವನ್ನು ಅವರು ಕಟ್ಟಿದರು. 1872ರಲ್ಲಿ ಸಂಸಾರವು ಲೈಪ್ಸಿಗ್ ನಗರಕ್ಕೆ ಬಂದು ನೆಲೆಸಿತು. ಜರ್ಮನಿಯ ಮಹಿಳಾ ಚಳವಳಿಗೆ ಆ ನಗರವೇ ತವರು. ಲೂಯಿಸ್ ಆಟ್ಟೊ ಪೀಟರ್ಸ್, ಆಗಸ್ಟ್ ಶ್ಮಿಟ್ ಮೊದಲಾದ ವಿದ್ಯಾವಂತ ಮಹಿಳೆಯರು 1865ರಲ್ಲಿ ಅಖಿಲ ಜರ್ಮನ್ ಮಹಿಳಾ ಸಂಘವನ್ನು ಸ್ಥಾಪಿಸಿದ್ದು ಅಲ್ಲಿಯೇ. ಆಗಸ್ಟ್ ಶ್ಮಿಟ್ ಅವರು ನಡೆಸುತ್ತಿದ್ದ ಉಪಾಧ್ಯಾಯಿನಿಯರ ಶಿಕ್ಷಣ ಶಾಲೆಯಲ್ಲಿ ಓದಿ ಕ್ಲಾರಾ 1878ರಲ್ಲಿ ತೇರ್ಗಡೆ ಹೊಂದಿದರು. ಮಧ್ಯಮ ವರ್ಗದ ಹೆಣ್ಣುಮಗಳು ಗೌರವದಿಂದ ಅವಲಂಬಿಸಬಹುದಾಗಿದ್ದ ಕೆಲವೇ ವೃತ್ತಿಗಳಲ್ಲಿ ಉಪಾಧ್ಯಾಯಿನಿಯ ವೃತ್ತಿಯೂ ಒಂದು. ಆ ಹಾದಿಯಲ್ಲಿಯೇ ನಡೆದಿದ್ದರೆ ಅವರ ಬದುಕು ನಿಶ್ಚಿಂತವಾಗಿ ಸಾಗುತ್ತಿತ್ತು.

ಆದರೆ ಲೈಪ್ಸಿಗ್‌ನಲ್ಲಿ ಕ್ಲಾರಾ ಅವರಿಗೆ ಬೇರೊಂದು ಬಳಗದ ಪರಿಚಯವಾಯಿತು. ರಷ್ಯದ ಚಕ್ರವರ್ತಿಯ ಕೋಪಕ್ಕೆ ಗುರಿಯಾಗಿ ದೇಶವನ್ನು ತೊರೆದು ಬಂದಿದ್ದ ತರುಣರ ಬಳಗವದು. ಅವರಲ್ಲೊಬ್ಬರು ಓಸಿಪ್ ಜೆಟ್ಕಿನ್. ಒಡೆಸ್ಸಾ ಕಡೆಯವರಾದ ಅವರು ಮರಗೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಕಾರ್ಲ್ ಮಾರ್ಕ್ಸ್ ಮತ್ತು ಫ್ರೀಡ್ರಿಕ್ ಎಂಗೆಲ್ಸ್ ಅವರ ಗ್ರಂಥಗಳನ್ನು ಕ್ಲಾರಾ ಓದತೊಡಗಿದ್ದು ಈ ಸ್ನೇಹದಿಂದ. ಅದೇ 1878ರಲ್ಲಿ ಜರ್ಮನಿಯ ಪ್ರಧಾನಿ ಬಿಸ್ಮಾರ್ಕನು ಸಮಾಜವಾದಿಗಳನ್ನು ಹತ್ತಿಕ್ಕಲು ಒಂದು ಕಠೋರ ಕಾನೂನನ್ನು ತಂದನು. ಅವರ ಸಂಘಗಳು, ಸಭೆಗಳು, ಪತ್ರಿಕೆಗಳು ಎಲ್ಲವೂ ನಿಷಿದ್ಧವಾದವು. ಅಂಥ ಕಾಲದಲ್ಲಿ ಸಮಾಜವಾದಿ ಪಕ್ಷದ ಕಡೆಗೆ ಒಲಿಯುವುದೆಂದರೆ ಗುರುಹಿರಿಯರಿಂದಲೂ ಬಂಧುಬಳಗದಿಂದಲೂ ದೂರವಾಗುವುದೆಂದೇ ಅರ್ಥ. ಕ್ಲಾರಾ ಅದಕ್ಕೆ ಹಿಂಜರಿಯಲಿಲ್ಲ.

1880ರಲ್ಲಿ ಸರಕಾರವು ಓಸಿಪ್ ಅವರನ್ನು ದೇಶದಿಂದ ಹೊರಗಟ್ಟಿತು. ಕ್ಲಾರಾ ಕೆಲವು ಕಾಲ ಆಸ್ಟ್ರಿಯದಲ್ಲಿ ಸಿರಿವಂತರ ಮಕ್ಕಳಿಗೆ ಪಾಠ ಹೇಳಿ, ಜ್ಯೂರಿಕ್ ನಗರದಲ್ಲಿ ಪಕ್ಷದ ಗುಪ್ತ ಕಾರ್ಯದಲ್ಲಿ ನೆರವಾಗಿ, 1882ರ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ಓಸಿಪ್ ಅವರನ್ನು ಕೂಡಿಕೊಂಡರು. ವಿದೇಶೀಯನನ್ನು ಮದುವೆಯಾದ ಜರ್ಮನ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳಬೇಕೆಂಬುದು ಅಂದಿನ ಕಾನೂನು. ಗಂಡಿಗೆ ಅಂಥ ನಿರ್ಬಂಧವಿರಲಿಲ್ಲ. ಆದ್ದರಿಂದ ಇಬ್ಬರೂ ಶಾಸ್ತ್ರೋಕ್ತವಾಗಿ ಮದುವೆಯಾಗದೆಯೇ ಸಂಸಾರ ಹೂಡಿದರು. ಕ್ಲಾರಾ ಓಸಿಪ್ ಅವರ ಹೆಸರನ್ನು ತಮ್ಮದಾಗಿ ಮಾಡಿಕೊಂಡರು. ಮ್ಯಾಕ್ಸಿಮ್, ಕೋಸ್ತ್ಯಾ ಎಂಬ ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಪ್ಯಾರಿಸ್ಸಿನ ಆ ಏಳೆಂಟು ವರ್ಷಗಳು ಕ್ಲಾರಾ ಅವರ ನಿಜವಾದ ಪಾಠಶಾಲೆಯೆನ್ನಬಹುದು. ಇಬ್ಬರೂ ಲೇಖನಗಳನ್ನು ಬರೆದು, ಅನುವಾದ ಮಾಡಿ ಕಾಸು ಸಂಪಾದಿಸುತ್ತಿದ್ದರು. ಅದು ಸಾಲದೆ ಕ್ಲಾರಾ ಮನೆಪಾಠ ಹೇಳಿದರು, ಬೇರೆಯವರ ಬಟ್ಟೆ ಒಗೆದರು. ಬಾಡಿಗೆ ಕೊಡಲಾಗದೆ ಮಕ್ಕಳೊಡನೆ ಮನೆಯನ್ನು ಬಿಡಬೇಕಾಗಿ ಬಂದ ಪ್ರಸಂಗವೂ ಉಂಟು. ಅಷ್ಟರಲ್ಲಿ ಓಸಿಪ್ ಅವರಿಗೆ ಬೆನ್ನುಹುರಿಯ ರೋಗ ತಗುಲಿ ಅವರು ಹಾಸಿಗೆ ಹಿಡಿದರು. ರೋಗಿಯ ಶುಶ್ರೂಷೆ, ಎರಡು ಎಳೆಯ ಮಕ್ಕಳ ಪೋಷಣೆ, ಅಡುಗೆ, ಮನೆಗೆಲಸ, ಇವೆಲ್ಲ ಮುಗಿದ ಮೇಲೆ ದೀಪದ ಬೆಳಕಿನಲ್ಲಿ ಬರವಣಿಗೆ. 1889ರ ಜನವರಿಯಲ್ಲಿ ಓಸಿಪ್ ತೀರಿಕೊಂಡರು. ಆಗ ಕ್ಲಾರಾ ಅವರಿಗೆ ಮೂವತ್ತೊಂದು ವರ್ಷ. ಹೊರಗೆ ಕೂಲಿಗಾಗಿ ದುಡಿದು ಬಂದ ಹೆಣ್ಣಿಗೆ ಒಳಗೆ ಇನ್ನೊಂದು ದುಡಿಮೆ ಕಾದಿರುತ್ತದೆ ಎಂಬ ಸಂಗತಿಯನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಆದರೂ ಪುಸ್ತಕಗಳು ಅವರಿಗೆ ಒಂದು ಮುಖ್ಯ ಪ್ರಶ್ನೆಯನ್ನು ಎತ್ತಿಕೊಟ್ಟವು. ಹೆಣ್ಣಿನ ಅಧೀನಸ್ಥಿತಿ ದೈವನಿಯಮವೆ, ಪ್ರಕೃತಿನಿಯಮವೆ, ಅಥವಾ ಮನುಷ್ಯರು ಕಟ್ಟಿಕೊಂಡ ವ್ಯವಸ್ಥೆಯ ಫಲವೆ? ಜರ್ಮನಿಯ ಕಾರ್ಮಿಕ ನಾಯಕ ಆಗಸ್ಟ್ ಬೆಬೆಲ್ ಅವರು 1879ರಲ್ಲಿ, ನಿಷೇಧದ ಕಾನೂನು ಜಾರಿಯಲ್ಲಿದ್ದಾಗಲೇ, ಮಹಿಳೆ ಮತ್ತು ಸಮಾಜವಾದವನ್ನು ಕುರಿತು ಒಂದು ಗ್ರಂಥವನ್ನು ಬರೆದರು. ಗುಟ್ಟಾಗಿ ಕೈಯಿಂದ ಕೈಗೆ ಸಾಗಿದ ಆ ಗ್ರಂಥವು ಸಾವಿರಾರು ಕಾರ್ಮಿಕರ ಮನೆಗಳನ್ನು ಮುಟ್ಟಿತು. 1884ರಲ್ಲಿ ಎಂಗೆಲ್ಸ್ ಅವರು ಕುಟುಂಬ, ಖಾಸಗಿ ಆಸ್ತಿ, ಪ್ರಭುತ್ವ ಈ ಮೂರರ ಉಗಮವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದರು. ಹೊಲ, ದನಕರು, ಉಪಕರಣಗಳು ಖಾಸಗಿ ಆಸ್ತಿಯಾಗಿ ಗಂಡಸಿನ ಕೈಸೇರಿದಾಗ, ಆ ಆಸ್ತಿಯನ್ನು ತನ್ನ ಮಕ್ಕಳಿಗೇ ಬಿಟ್ಟುಹೋಗಬೇಕೆಂಬ ಆಸೆ ಅವನಲ್ಲಿ ಹುಟ್ಟಿತು. ಅದರೊಡನೆ ಹೆಣ್ಣಿನ ಮೇಲೆ ಕಟ್ಟುಪಾಡೂ ಹುಟ್ಟಿತು. ಇಡೀ ಸಮುದಾಯಕ್ಕೆ ಬೇಕಾಗಿದ್ದ ಆಕೆಯ ಗೃಹಕೃತ್ಯವು ಒಬ್ಬ ಗಂಡನಿಗೆ ಸಲ್ಲುವ ಸೇವೆಯಾಗಿ ಇಳಿಯಿತು ಎಂಬುದು ಅವರ ವಾದದ ಸಾರ. ಆದಿಮ ಸಮಾಜವನ್ನು ಕುರಿತು ಎಂಗೆಲ್ಸ್ ಹೇಳಿದ ಅನೇಕ ಸಂಗತಿಗಳನ್ನು ಅನಂತರದ ಮಾನವಶಾಸ್ತ್ರಜ್ಞರು ಪ್ರಶ್ನಿಸಿದ್ದಾರೆ. ಆದರೆ ಕುಟುಂಬಕ್ಕೂ ಒಂದು ಚರಿತ್ರೆಯುಂಟು, ಬದಲಾಗುತ್ತ ಬಂದದ್ದು ಮುಂದೆಯೂ ಬದಲಾಗಬಲ್ಲದು ಎಂಬ ವಿಚಾರ ಅಂದಿನ ಓದುಗರಿಗೆ ಹೊಸ ಬೆಳಕಾಗಿ ಕಂಡಿತು.

1889ರ ಜುಲೈ ತಿಂಗಳಿನಲ್ಲಿ ನಾನಾ ದೇಶಗಳ ಕಾರ್ಮಿಕ ಪ್ರತಿನಿಧಿಗಳು ಪ್ಯಾರಿಸ್ಸಿನಲ್ಲಿ ಸಮ್ಮೇಳನವನ್ನು ನಡೆಸಿ ಎರಡನೆಯ ಅಂತರರಾಷ್ಟ್ರೀಯ ಸಂಘಕ್ಕೆ ಅಸ್ತಿಭಾರ ಹಾಕಿದರು. ಪತಿಯನ್ನು ಕಳೆದುಕೊಂಡು ಆರು ತಿಂಗಳಷ್ಟೇ ಆಗಿದ್ದ ಕ್ಲಾರಾ ಆ ಸಭೆಯಲ್ಲಿ ಎದ್ದು ನಿಂತರು. ಅಲ್ಲಿ ನೆರೆದ ಗಂಡಸರಲ್ಲಿ ಅನೇಕರಿಗೆ ಹೆಣ್ಣು ಕಾರ್ಖಾನೆಗೆ ಬರುವುದೇ ಸರಿಬೀಳದು. ಅವಳು ಕಡಿಮೆ ಕೂಲಿಗೆ ಒಪ್ಪುತ್ತಾಳೆ, ಅದರಿಂದ ಗಂಡಸಿನ ಕೂಲಿಯೂ ಇಳಿಯುತ್ತದೆ. ಆದ್ದರಿಂದ ಅವಳನ್ನು ಮನೆಗೆ ಕಳುಹಿಸಬೇಕು ಎಂಬುದು ಅವರ ತರ್ಕ. ಈ ತರ್ಕವನ್ನು ಕ್ಲಾರಾ ನೇರವಾಗಿ ಎದುರಿಸಿದರು. ಕೂಲಿ ಇಳಿಯುವುದು ಹೆಣ್ಣು ದುಡಿಯುವುದರಿಂದಲ್ಲ, ಅವಳ ದುಡಿಮೆಯನ್ನು ಅಗ್ಗವಾಗಿ ಕೊಳ್ಳುವ ಬಂಡವಾಳಗಾರನ ಲಾಭದಾಸೆಯಿಂದ ಎಂದು ಅವರು ವಿವರಿಸಿದರು. ಕಾರ್ಮಿಕನು ಬಂಡವಾಳಗಾರನಿಗೆ ಅಧೀನನಾಗಿರುವಂತೆಯೇ ಹೆಣ್ಣು ಗಂಡಿಗೆ ಅಧೀನಳಾಗಿದ್ದಾಳೆ; ಸ್ವಂತ ಸಂಪಾದನೆಯಿಲ್ಲದಿರುವವರೆಗೆ ಆ ಅಧೀನತೆ ತಪ್ಪದು. ಹೀಗಿರುವಾಗ ಅವಳ ದುಡಿಮೆಯನ್ನು ನಿಷೇಧಿಸುವುದೆಂದರೆ ಅವಳ ಬಿಡುಗಡೆಯ ಬಾಗಿಲನ್ನೇ ಮುಚ್ಚಿದಂತೆ ಎಂಬುದು ಅವರ ನಿಲುವು. ಗರ್ಭಿಣಿಯರ ಸಂಗತಿಯೊಂದನ್ನುಳಿದು ಹೆಂಗಸರಿಗೆಂದು ಪ್ರತ್ಯೇಕ ರಕ್ಷಣೆಯ ಕಾನೂನು ಬೇಡವೆಂದು ಅಂದು ಅವರು ವಾದಿಸಿದರು. ಗಿರಣಿಗಳ ಒಳಗಿನ ಸ್ಥಿತಿಯನ್ನು ಹೆಚ್ಚು ಹತ್ತಿರದಿಂದ ಅರಿತ ಮೇಲೆ ಈ ಅಭಿಪ್ರಾಯವನ್ನು ಬದಲಾಯಿಸಿಕೊಂಡು ಅಂಥ ಕಾನೂನುಗಳಿಗಾಗಿ ತಾವೇ ಹೋರಾಡಿದರು.

1890ರಲ್ಲಿ ಬಿಸ್ಮಾರ್ಕನ ಕಾನೂನು ಬಿದ್ದುಹೋಯಿತು. ಕ್ಲಾರಾ ಮಕ್ಕಳೊಡನೆ ತಾಯ್ನಾಡಿಗೆ ಮರಳಿ ಸ್ಟುಟ್‌ಗಾರ್ಟ್ ನಗರದಲ್ಲಿ ನೆಲೆಸಿದರು. 1892ರಿಂದ ‘ಸಮಾನತೆ’ ಎಂಬ ಅರ್ಥದ ‘ಗ್ಲೈಖ್‌ಹೈಟ್’ ಪಾಕ್ಷಿಕ ಪತ್ರಿಕೆಯು ಅವರ ಸಂಪಾದಕತ್ವದಲ್ಲಿ ಹೊರಡತೊಡಗಿತು. ದುಡಿಯುವ ಹೆಂಗಸರಿಗಾಗಿ ಇದ್ದ ಆ ಪತ್ರಿಕೆಯಲ್ಲಿ ಹೊಲಿಗೆಯ ಕೂಲಿ, ನೂಲುವ ಗಿರಣಿಯ ದೂಳು, ಸೂತಿಕೆಯ ಕಾಲದ ರಜೆ, ಮತದಾನದ ಹಕ್ಕು, ಸಾಹಿತ್ಯ ಎಲ್ಲಕ್ಕೂ ಸ್ಥಳವಿತ್ತು. ಪತ್ರಿಕೆಯ ಭಾಷೆ ಸಾಮಾನ್ಯ ಹೆಂಗಸರಿಗೆ ಕಠಿನವಾಗಿದೆಯೆಂದು ಪಕ್ಷದವರೇ ಆಗಾಗ ದೂರುತ್ತಿದ್ದರು. ಆ ದೂರು ನಿರಾಧಾರವೇನೂ ಅಲ್ಲ. 1900ರ ಸುಮಾರಿಗೆ ಅದರ ಪ್ರತಿಗಳು ನಾಲ್ಕು ಸಾವಿರದಷ್ಟೇ ಹೋಗುತ್ತಿದ್ದವು. ಮುಂದೆ 1905ರಿಂದ ತಾಯಂದಿರಿಗೂ ಮಕ್ಕಳಿಗೂ ಪುರವಣಿಗಳನ್ನು ಸೇರಿಸಲಾಯಿತು. 1914ರ ವೇಳೆಗೆ ಪ್ರತಿಗಳ ಸಂಖ್ಯೆ ಸುಮಾರು 1 ಲಕ್ಷ 25 ಸಾವಿರಕ್ಕೆ ಏರಿತ್ತು.

ಆ ಕಾಲದಲ್ಲಿ ಹೆಂಗಸರನ್ನು ಸಂಘಟಿಸುವುದು ಎಷ್ಟು ದುಸ್ತರವಾಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ಜರ್ಮನಿಯ ಅತಿ ದೊಡ್ಡ ರಾಜ್ಯವಾದ ಪ್ರಷ್ಯದಲ್ಲಿ 1850ರ ಒಂದು ಕಾನೂನಿನಂತೆ ಹೆಂಗಸರು, ವಿದ್ಯಾರ್ಥಿಗಳು, ಕೆಲಸ ಕಲಿಯುವ ಹುಡುಗರು, ಈ ಮೂವರು ರಾಜಕೀಯ ಸಂಘಗಳಲ್ಲಿ ಸದಸ್ಯರಾಗುವಂತಿರಲಿಲ್ಲ. ಸಭೆಯಲ್ಲಿ ಪೋಲೀಸು ಅಧಿಕಾರಿಯೊಬ್ಬನು ಕುಳಿತಿರುತ್ತಿದ್ದನು. ಮಾತು ರಾಜಕೀಯದ ಕಡೆಗೆ ತಿರುಗಿತೆಂದರೆ ಸಭೆಯನ್ನೇ ಮುಚ್ಚಿಸುತ್ತಿದ್ದನು. ಇದಕ್ಕೆ ಮಹಿಳೆಯರು ಒಂದು ಜಾಣ ಉಪಾಯವನ್ನು ಕಂಡುಹಿಡಿದರು. ಸಂಘವನ್ನು ಕಟ್ಟಿದರಲ್ಲವೆ ನಿಷೇಧ? ಊರೂರಿನಲ್ಲಿ ನಂಬಿಕೆಗೆ ಅರ್ಹಳಾದ ಒಬ್ಬೊಬ್ಬಳೇ ಮಹಿಳೆಯನ್ನು ಆರಿಸಿ ಕೆಲಸವನ್ನು ಆಕೆಗೆ ವಹಿಸಿದರು. ಒಬ್ಬಳೇ ವ್ಯಕ್ತಿ ಸಂಘವಾಗಲಾರಳು. ಕಾನೂನಿನ ಕೈ ಆಕೆಯನ್ನು ಹಿಡಿಯಲಾರದು. 1900ರಲ್ಲಿ ಇಡೀ ದೇಶಕ್ಕೆ ಇಂಥ ಕೇಂದ್ರ ಪ್ರತಿನಿಧಿಯಾಗಿ ಆರಿಸಿ ಬಂದ ಒಟ್ಟೀಲಿ ಬಾಡರ್ ಅವರು ಬರ್ಲಿನ್ನಿನಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದವರು. 1908ರಲ್ಲಿ ಈ ನಿರ್ಬಂಧ ರದ್ದಾಯಿತು. ಆಗ ಪಕ್ಷದಲ್ಲಿ ಸುಮಾರು 30 ಸಾವಿರದಷ್ಟಿದ್ದ ಮಹಿಳಾ ಸದಸ್ಯರು 1914ರ ಹೊತ್ತಿಗೆ 1 ಲಕ್ಷ 74 ಸಾವಿರವನ್ನು ದಾಟಿದ್ದರು.

ಕ್ಲಾರಾ ಅವರ ವಿಚಾರವು ಪೂರ್ಣರೂಪದಲ್ಲಿ ಹೊರಹೊಮ್ಮಿದ್ದು 1896ರಲ್ಲಿ ಗೋಥಾ ನಗರದಲ್ಲಿ ನಡೆದ ಪಕ್ಷದ ಅಧಿವೇಶನದಲ್ಲಿ. ಹಿಂದಿನ ಕಾಲದ ಮನೆಯೊಂದನ್ನು ಕಣ್ಣಮುಂದೆ ತಂದುಕೊಂಡರೆ ಅವರ ವಾದವನ್ನು ಗ್ರಹಿಸುವುದು ಸುಲಭ. ಆ ಮನೆಯಲ್ಲಿ ನೂಲು ತೆಗೆಯುವುದು, ಬಟ್ಟೆ ನೇಯುವುದು, ಸಾಬೂನು, ಮೇಣದಬತ್ತಿಗಳನ್ನು ಮಾಡುವುದು ಎಲ್ಲವೂ ಹೆಣ್ಣಿನ ಕೈಕೆಲಸ. ಅವಳಿಗೆ ಹಕ್ಕುಗಳಿರಲಿಲ್ಲ, ನಿಜ. ಆದರೆ ಕೈತುಂಬ ಕೆಲಸವಿತ್ತು, ಅದಕ್ಕೊಂದು ಅರ್ಥವಿತ್ತು. ಯಂತ್ರ ಬಂದಿತು, ಈ ಎಲ್ಲ ವಸ್ತುಗಳೂ ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಾಗತೊಡಗಿದವು. ಮನೆಯೊಳಗಿನ ಕಸುಬು ಬರಿದಾಯಿತು. ಸ್ತ್ರೀಯರ ಪ್ರಶ್ನೆ ಹುಟ್ಟಿದ್ದು ಇಲ್ಲಿ ಎನ್ನುತ್ತಾರೆ ಕ್ಲಾರಾ. ಆದರೆ ಅದು ಎಲ್ಲ ಸ್ತ್ರೀಯರಿಗೂ ಒಂದೇ ಪ್ರಶ್ನೆಯಾಗಿ ಹುಟ್ಟಲಿಲ್ಲ.

ಮೊದಲನೆಯದಾಗಿ ಸಿರಿವಂತರ ಮನೆಯ ಹೆಣ್ಣು. ಮಕ್ಕಳನ್ನು ದಾದಿಯರು ನೋಡಿಕೊಳ್ಳುತ್ತಾರೆ, ಮನೆಯನ್ನು ಆಳುಕಾಳು ನೋಡಿಕೊಳ್ಳುತ್ತಾರೆ. ಅವಳ ಕೊರತೆಯೆಂದರೆ, ತವರಿನಿಂದ ತಂದ ಸ್ವತ್ತು ಗಂಡನ ವಶದಲ್ಲಿರುವುದು. ಆಸ್ತಿಯ ಮೇಲೆ ಹಕ್ಕಿಗಾಗಿ ಅವಳು ತನ್ನ ವರ್ಗದ ಗಂಡಸಿನೊಡನೆಯೇ ಹೋರಾಡಬೇಕು. ಎರಡನೆಯವಳು ಮಧ್ಯಮ ವರ್ಗದ ವಿದ್ಯಾವಂತ ಹೆಣ್ಣು. ಅವಳಿಗೆ ವೈದ್ಯಳಾಗಬೇಕು, ನ್ಯಾಯವಾದಿಯಾಗಬೇಕು, ವಿಶ್ವವಿದ್ಯಾಲಯದಲ್ಲಿ ಓದಬೇಕೆಂಬ ಹಂಬಲ. ಆದರೆ ಆ ವೃತ್ತಿಗಳಲ್ಲಿ ನೆಲೆಯೂರಿರುವ ಗಂಡಸರು ಸ್ಪರ್ಧೆಗೆ ಹೆದರಿ ಅವಳಿಗೆ ಬಾಗಿಲು ಮುಚ್ಚುತ್ತಾರೆ. ಈ ಹೆಣ್ಣಿನ ಬೇಡಿಕೆಯು ನ್ಯಾಯವಾದದ್ದೆಂದು ಕ್ಲಾರಾ ಒಪ್ಪಿದರು.

ಮೂರನೆಯವಳು ಕಾರ್ಮಿಕ ಹೆಣ್ಣು. ದುಡಿಯುವ ಹಕ್ಕಿಗಾಗಿ ಅವಳು ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ. ಅಗ್ಗದ ಕೂಲಿಯವಳು, ಎದುರಾಡದವಳು ಎಂದು ಗಿರಣಿಯೇ ಅವಳನ್ನು ಕೈಬೀಸಿ ಕರೆಯುತ್ತದೆ. ಸಂಪಾದಿಸುವವಳಾದ್ದರಿಂದ ಗಂಡನ ಮುಂದೆ ಅವಳು ಕೈಚಾಚಬೇಕಾಗಿಲ್ಲ. ಆದರೆ ಆ ಸ್ವಾತಂತ್ರ್ಯವು ಅವಳಿಗೆ ಏನನ್ನು ತಂದಿತು? ಗಂಡಸಿನ ಕೂಲಿಗಿಂತ ಬಹಳ ಕಡಿಮೆಯಾದ ಕೂಲಿ. ಹನ್ನೊಂದು ಗಂಟೆಗಳ ದುಡಿಮೆ. ಮನೆಗೆ ಬಂದರೆ ಒಲೆ, ತೊಟ್ಟಿಲು, ಒಗೆಯುವ ಬಟ್ಟೆ. ಹೆಣ್ಣಾಗಿ ಬಾಳುವ ಬಾಳೂ ಅವಳಿಗೆ ದಕ್ಕಲಿಲ್ಲ, ಮನುಷ್ಯಳಾಗಿ ಬೆಳೆಯುವ ಬಿಡುವೂ ದಕ್ಕಲಿಲ್ಲ. ಇವಳ ಎದುರಾಳಿ ಇವಳ ವರ್ಗದ ಗಂಡಸಲ್ಲ. ಅವನೂ ಇದೇ ಯಂತ್ರಕ್ಕೆ ಸಿಕ್ಕಿಬಿದ್ದವನು. ಆದ್ದರಿಂದ ಅವನ ಜೊತೆಗೂಡಿಯೇ ಅವಳು ಹೋರಾಡಬೇಕು. ಅವಳನ್ನು ಬಿಟ್ಟು ಅವನೂ ಗೆಲ್ಲಲಾರನು. ಮತದಾನವೇ ಮೊದಲಾದ ಹಕ್ಕುಗಳು ಬೇಕು. ಆದರೆ ಅವು ಹೋರಾಟದ ಕೈಗೆ ಸಿಗುವ ಆಯುಧಗಳೇ ಹೊರತು ಹೋರಾಟದ ಕೊನೆಯಲ್ಲ. ಇದು ಗೋಥಾ ಭಾಷಣದ ತಿರುಳು. ಪ್ರತಿನಿಧಿಗಳು ಇದನ್ನು ಮೆಚ್ಚಿ ಪಕ್ಷದ ವತಿಯಿಂದಲೇ ಅಚ್ಚು ಹಾಕಿಸಿದರು.

ಈ ವಿಚಾರದ ಬಲ ಎಲ್ಲಿದೆಯೋ ಅದರ ಬಿಗುವೂ ಅಲ್ಲಿಯೇ ಇದೆ. ಮಧ್ಯಮ ವರ್ಗದ ಮಹಿಳಾ ಸಂಘಗಳೊಡನೆ ಕೈಜೋಡಿಸಲು ಕ್ಲಾರಾ ಒಪ್ಪುತ್ತಿರಲಿಲ್ಲ. ತಮಗೆ ವಿದ್ಯೆ ಕಲಿಸಿದ ಗುರುಗಳೇ ಆ ಸಂಘಗಳ ಮುಂದಾಳುಗಳಾಗಿದ್ದರೂ ಅವರ ನಿಲುವು ಸಡಿಲಲಿಲ್ಲ. ಪಕ್ಷದೊಳಗೆ ಅವರನ್ನು ಎದುರಿಸಿದವರಲ್ಲಿ ಲಿಲಿ ಬ್ರೌನ್ ಮುಖ್ಯರು. ಶ್ರೀಮಂತ ಸೇನಾಧಿಪತಿಯ ಮಗಳಾಗಿ ಹುಟ್ಟಿ ಸಮಾಜವಾದವನ್ನು ಅಪ್ಪಿದ ಈಕೆ, ಹತ್ತಾರು ಸಂಸಾರಗಳು ಕೂಡಿ ಒಂದು ಸಾಮೂಹಿಕ ಅಡುಗೆಮನೆಯನ್ನು ನಡೆಸಿಕೊಂಡರೆ ಹೆಂಗಸರ ಹೊರೆ ಇಳಿದೀತೆಂದು 1901ರಲ್ಲಿ ಸೂಚಿಸಿದರು. ಅಂಥ ಏರ್ಪಾಡು ಒಳ್ಳೆಯ ಸಂಬಳದವರಿಗಷ್ಟೇ ನಿಲುಕೀತು, ಬಡವರಿಗಲ್ಲ ಎಂದು ಕ್ಲಾರಾ ಅದನ್ನು ತಳ್ಳಿಹಾಕಿದರು. ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತು. ಆದರೂ ಒಲೆಯ ಮುಂದಿನ ಹೊರೆಯನ್ನು ಈ ದಿನವೇ ಹೇಗೆ ಇಳಿಸಬೇಕೆಂಬ ಲಿಲಿ ಬ್ರೌನ್ ಅವರ ಪ್ರಶ್ನೆಗೆ ಕ್ಲಾರಾ ಅವರಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ.

ಸಿದ್ಧಾಂತವು ಬಾಳಿನಲ್ಲಿ ಹೇಗೆ ಒರೆಗೆ ಹತ್ತಿತೆಂಬುದನ್ನು ಕ್ಲಾರಾ ಹುಟ್ಟಿದ ಸ್ಯಾಕ್ಸನಿ ಪ್ರಾಂತದ ಒಂದು ಘಟನೆ ತೋರಿಸುತ್ತದೆ. ಕ್ರಿಮ್ಮಿಚೌ ಬಟ್ಟೆ ಗಿರಣಿಗಳ ಊರು. 1903ರ ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ಕಾರ್ಮಿಕರು ಹನ್ನೊಂದು ಗಂಟೆಗಳ ದುಡಿಮೆಯನ್ನು ಹತ್ತಕ್ಕೆ ಇಳಿಸಬೇಕೆಂದು ಕೇಳಿದರು. ಮಾಲಿಕರು ಗಿರಣಿಗಳ ಬಾಗಿಲನ್ನೇ ಮುಚ್ಚಿದರು. ಬೀದಿಗೆ ಬಿದ್ದ ಸುಮಾರು 8 ಸಾವಿರ ಜನರಲ್ಲಿ ಹೆಂಗಸರ ಪಾಲು ಬಹು ದೊಡ್ಡದು. ಅವರು ಕೇಳಿದ ಆ ಒಂದು ಗಂಟೆ ವಿಶ್ರಾಂತಿಗಾಗಿಯೂ ಅಲ್ಲ. ಮಕ್ಕಳ ಮುಖ ನೋಡಲು, ಮನೆಯ ಕೆಲಸ ಮುಗಿಸಲು. ಕ್ಲಾರಾ ತಮ್ಮ ಪತ್ರಿಕೆಯ ಮೂಲಕ ಅವರ ಬೆಂಬಲಕ್ಕೆ ನಿಂತರು. ದೇಶದ ನಾನಾ ಕಡೆಗಳಿಂದ ಸಹಾಯಧನ ಹರಿದುಬಂದಿತು. ಆದರೆ ಮಾಲಿಕರ ಸಂಘಟನೆಯೂ ಅಷ್ಟೇ ಬಲವಾಗಿತ್ತು. ಐದು ತಿಂಗಳ ಅನಂತರ, 1904ರ ಜನವರಿಯ ಚಳಿಯಲ್ಲಿ, ಕಾರ್ಮಿಕರು ಸೋತು ಹಿಂದಿನ ಷರತ್ತಿಗೇ ಒಪ್ಪಿ ಕೆಲಸಕ್ಕೆ ಮರಳಿದರು. ಹೆಂಗಸರಿಗೆ ಹತ್ತು ಗಂಟೆಗಳ ದುಡಿಮೆಯನ್ನು ವಿಧಿಸುವ ಕಾನೂನು ಜರ್ಮನಿಯಲ್ಲಿ ಅಂಗೀಕಾರವಾದದ್ದು 1908ರಲ್ಲಿ.

ಇಷ್ಟರಲ್ಲಿ ಕ್ಲಾರಾ ಅವರ ಸ್ವಂತ ಬಾಳಿನಲ್ಲಿಯೂ ಮಾರ್ಪಾಡಾಗಿತ್ತು. 1899ರಲ್ಲಿ ಅವರು ಫ್ರೀಡ್ರಿಕ್ ಜುಂಡೆಲ್ ಎಂಬ ಚಿತ್ರಕಾರರನ್ನು ಮದುವೆಯಾದರು. ಜುಂಡೆಲ್ ಅವರು ಕ್ಲಾರಾ ಅವರಿಗಿಂತ ಹದಿನೆಂಟು ವರ್ಷ ಚಿಕ್ಕವರು. ಈ ಮದುವೆಯೂ ಕಡೆಯವರೆಗೆ ಉಳಿಯಲಿಲ್ಲ. ಸ್ಟುಟ್‌ಗಾರ್ಟಿನ ಹೊರವಲಯದ ಜಿಲ್ಲೆನ್‌ಬುಖ್ ಗ್ರಾಮದ ಅವರ ಮನೆ ನಾಡಿನ ಹಾಗೂ ಹೊರನಾಡಿನ ಸಮಾಜವಾದಿಗಳಿಗೆ ತಂಗುದಾಣವಾಗಿತ್ತು. ಪೋಲೆಂಡಿನಿಂದ ಬಂದ ಧೀಮಂತ ಮಹಿಳೆ ರೋಸಾ ಲಕ್ಸೆಂಬರ್ಗ್ ಅವರು ಕ್ಲಾರಾ ಅವರಿಗೆ ಪ್ರಾಣಸ್ನೇಹಿತೆಯಾಗಿದ್ದರು.

1907ರ ಆಗಸ್ಟ್ ತಿಂಗಳಿನಲ್ಲಿ ಜಗತ್ತಿನ ಸಮಾಜವಾದಿಗಳೆಲ್ಲ ಸ್ಟುಟ್‌ಗಾರ್ಟಿನಲ್ಲಿ ಸೇರಿದರು. ಅದೇ ಸಂದರ್ಭದಲ್ಲಿ 15 ದೇಶಗಳ 58 ಮಹಿಳಾ ಪ್ರತಿನಿಧಿಗಳು ಪ್ರತ್ಯೇಕವಾಗಿ ಕಲೆತು ಸಮಾಜವಾದಿ ಮಹಿಳೆಯರ ಮೊದಲನೆಯ ಅಂತರರಾಷ್ಟ್ರೀಯ ಸಮ್ಮೇಳನವನ್ನು ನಡೆಸಿದರು. ಮೊದಲು ಗಂಡಸರಿಗೆ ಮತದಾನದ ಹಕ್ಕು ದೊರೆಯಲಿ, ಹೆಂಗಸರದನ್ನು ಆಮೇಲೆ ನೋಡೋಣ ಎನ್ನುವ ಪಕ್ಷಗಳನ್ನು ಕ್ಲಾರಾ ಅಲ್ಲಿ ಕಟುವಾಗಿ ಟೀಕಿಸಿದರು. ಮಹಿಳೆಯರ ಅಂತರರಾಷ್ಟ್ರೀಯ ಕಾರ್ಯಾಲಯಕ್ಕೆ ಅವರೇ ಕಾರ್ಯದರ್ಶಿಯಾದರು. ಆ ದಿನಗಳಲ್ಲಿ ಸ್ಟುಟ್‌ಗಾರ್ಟ್ ಕಂಡ ಇನ್ನೊಂದು ದೃಶ್ಯವನ್ನು ಭಾರತೀಯರಾದ ನಾವು ನೆನೆಯದೆ ಮುಂದೆ ಹೋಗುವಂತಿಲ್ಲ. ಆಗಸ್ಟ್ 22ರಂದು ಅದೇ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಅವರು ಪರದೇಶದ ನೆಲದಲ್ಲಿ ಭಾರತದ ತ್ರಿವರ್ಣ ಧ್ವಜವನ್ನು ಬಿಚ್ಚಿ ಹಿಡಿದು, ಬ್ರಿಟಿಷರ ಆಳ್ವಿಕೆಯಲ್ಲಿ ನರಳುತ್ತಿದ್ದ ಜನಕೋಟಿಯ ಪರವಾಗಿ ಮಾತನಾಡಿದರು.

ಮಹಿಳೆಯರ ಎರಡನೆಯ ಸಮ್ಮೇಳನವು 1910ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ನೆರವೇರಿತು. 17 ದೇಶಗಳಿಂದ ನೂರಕ್ಕೂ ಹೆಚ್ಚು ಮಂದಿ ಬಂದಿದ್ದರು. ಅಮೆರಿಕದ ಸಮಾಜವಾದಿ ಮಹಿಳೆಯರು 1909ರಿಂದಲೇ ತಮ್ಮ ದೇಶದಲ್ಲಿ ಒಂದು ಮಹಿಳಾ ದಿನವನ್ನು ಆಚರಿಸುತ್ತಿದ್ದರು. ಎಲ್ಲ ದೇಶಗಳಲ್ಲಿಯೂ ವರ್ಷಕ್ಕೊಮ್ಮೆ ಇಂಥ ದಿನವನ್ನು ಆಚರಿಸಿ ಮತದಾನದ ಹಕ್ಕನ್ನು ಕೇಳಬೇಕೆಂಬ ಸೂಚನೆಯನ್ನು ಕ್ಲಾರಾ ಮತ್ತು ಅವರ ಜರ್ಮನ್ ಸಂಗಾತಿಗಳು ಮುಂದಿಟ್ಟರು. ಸಭೆ ಒಪ್ಪಿತು, ತಾರೀಖನ್ನು ಮಾತ್ರ ಗೊತ್ತುಮಾಡಲಿಲ್ಲ. 1911ರ ಮಾರ್ಚ್ 19ರಂದು ಜರ್ಮನಿ, ಆಸ್ಟ್ರಿಯ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್ ದೇಶಗಳಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನ ಸಭೆ ಮೆರವಣಿಗೆಗಳಲ್ಲಿ ಭಾಗವಹಿಸಿದರು. ಮಾರ್ಚ್ 8ರ ಕಥೆ ಬೇರೆ. 1917ರ ಆ ದಿನ ರಷ್ಯದ ಪೆಟ್ರೋಗ್ರಾಡ್ ನಗರದಲ್ಲಿ ಬಟ್ಟೆ ಗಿರಣಿಗಳ ಹೆಂಗಸರು ರೊಟ್ಟಿಗಾಗಿ ಮುಷ್ಕರ ಹೂಡಿ ಬೀದಿಗಿಳಿದರು. ಒಂದು ವಾರದಲ್ಲಿ ಚಕ್ರವರ್ತಿಯ ಸಿಂಹಾಸನ ಉರುಳಿತು. ಅದರ ನೆನಪಿಗಾಗಿ ಕಮ್ಯೂನಿಸ್ಟ್ ಮಹಿಳೆಯರು 1921ರಲ್ಲಿ ಆ ತಾರೀಖನ್ನೇ ಮಹಿಳಾ ದಿನವೆಂದು ಗೊತ್ತುಪಡಿಸಿದರು.

1914ರಲ್ಲಿ ಮೊದಲನೆಯ ಮಹಾಯುದ್ಧ ಸಿಡಿಯಿತು. ದೇಶದೇಶಗಳ ಕಾರ್ಮಿಕರು ಒಬ್ಬರನ್ನೊಬ್ಬರು ಕೊಲ್ಲಬಾರದೆಂದು ವರ್ಷಗಟ್ಟಲೆ ಸಾರುತ್ತ ಬಂದಿದ್ದ ಜರ್ಮನ್ ಸಮಾಜವಾದಿ ಪಕ್ಷವೇ ಆಗಸ್ಟ್ 4ರಂದು ಸಂಸತ್ತಿನಲ್ಲಿ ಯುದ್ಧದ ಸಾಲಕ್ಕೆ ಸಮ್ಮತಿಯಿತ್ತಿತು. ಕ್ಲಾರಾ ಅವರಿಗೆ ಸಿಡಿಲು ಬಡಿದಂತಾಯಿತು. ಮೂವತ್ತಾರು ವರ್ಷ ಯಾವ ಪಕ್ಷಕ್ಕಾಗಿ ದುಡಿದಿದ್ದರೋ ಅದನ್ನೇ ಈಗ ಅವರು ವಿರೋಧಿಸಬೇಕಾಯಿತು. 1915ರ ಮಾರ್ಚ್ ತಿಂಗಳಿನಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಪರಸ್ಪರ ಕಾದಾಡುತ್ತಿದ್ದ ದೇಶಗಳ ಸಮಾಜವಾದಿ ಮಹಿಳೆಯರನ್ನು ಅವರು ಒಂದೆಡೆ ಕೂಡಿಸಿದರು. ಯುದ್ಧ ನಿಲ್ಲಬೇಕೆಂದು ಅಲ್ಲಿ ಹೊರಡಿಸಿದ ಮನವಿಯ ಪ್ರತಿಗಳು ಗುಟ್ಟಾಗಿ ಜರ್ಮನಿಯಲ್ಲಿ ಹರಡಿದವು. ಅದೇ ಜುಲೈ ತಿಂಗಳಿನಲ್ಲಿ ಸರಕಾರವು ಅವರನ್ನು ಬಂಧಿಸಿತು. ಐವತ್ತೆಂಟು ವರ್ಷದ, ಕಾಯಿಲೆಯ ಹೆಂಗಸು ಅಕ್ಟೋಬರಿನವರೆಗೆ ಸೆರೆಮನೆಯಲ್ಲಿ ಕಳೆದರು. ಪಕ್ಷವು ಕೊಟ್ಟ ಪೆಟ್ಟು ಇದಕ್ಕಿಂತ ನೋವಿನದು. ಇಪ್ಪತ್ತೈದು ವರ್ಷ ಎದೆಗವಚಿ ಬೆಳೆಸಿದ ಪತ್ರಿಕೆಯ ಸಂಪಾದಕ ಸ್ಥಾನದಿಂದ 1917ರಲ್ಲಿ ಅವರನ್ನು ತೆಗೆದುಹಾಕಲಾಯಿತು.

ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 1918ರ ನವೆಂಬರ್ ತಿಂಗಳಿನಲ್ಲಿ ಕ್ರಾಂತಿಯಾಯಿತು. ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಆದರೆ ಆ ಸಂತೋಷವನ್ನು ಅನುಭವಿಸುವ ಮೊದಲೇ, 1919ರ ಜನವರಿ 15ರಂದು, ರೋಸಾ ಲಕ್ಸೆಂಬರ್ಗ್ ಅವರನ್ನು ಸೈನಿಕರು ಕೊಂದು ಕಾಲುವೆಗೆ ಎಸೆದರು. ಕ್ಲಾರಾ ಕಮ್ಯೂನಿಸ್ಟ್ ಪಕ್ಷವನ್ನು ಸೇರಿದರು. 1920ರಿಂದ 1933ರವರೆಗೆ ಸಂಸತ್ತಿನ ಸದಸ್ಯರಾಗಿದ್ದರು. ವರ್ಷದ ಬಹುಭಾಗವನ್ನು ಅವರು ಸೋವಿಯತ್ ದೇಶದಲ್ಲಿ ಕಳೆಯುತ್ತಿದ್ದರು. ಅಲ್ಲಿ ಅವರಿಗೆ ಸನ್ಮಾನಗಳಿಗೆ ಕೊರತೆಯಿರಲಿಲ್ಲ. ಆದರೆ ಜರ್ಮನಿಯ ಸಮಾಜವಾದಿ ಕಾರ್ಮಿಕರನ್ನು ಶತ್ರುಗಳೆಂದು ಕಾಣಬೇಕೆಂಬ ಸ್ಟಾಲಿನ್ನರ ಕಾಲದ ಧೋರಣೆಯನ್ನು ಅವರು ಒಪ್ಪಲಿಲ್ಲ. ಆ ಭಿನ್ನಾಭಿಪ್ರಾಯವು ಬಹುಮಟ್ಟಿಗೆ ಖಾಸಗಿ ಪತ್ರಗಳಲ್ಲಿಯೇ ಉಳಿಯಿತು.

1932ರ ಜುಲೈ ಚುನಾವಣೆಯಲ್ಲಿ ಹಿಟ್ಲರನ ನಾಜಿ ಪಕ್ಷವು 230 ಸ್ಥಾನಗಳನ್ನು ಪಡೆದು ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಹೊಸ ಸಂಸತ್ತಿನ ಮೊದಲ ದಿನ ಸದಸ್ಯರಲ್ಲಿ ವಯಸ್ಸಿನಲ್ಲಿ ಹಿರಿಯರಾದವರು ಅಧ್ಯಕ್ಷತೆ ವಹಿಸುವುದು ವಾಡಿಕೆ. ಆ ಸಲ ಆ ಸರದಿ ಕ್ಲಾರಾ ಅವರಿಗೆ ಬಂದಿತು. ಆಗ ಅವರಿಗೆ ಎಪ್ಪತ್ತೈದು ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟ. ಬಂದರೆ ಕೊಲ್ಲುತ್ತೇವೆಂಬ ಬೆದರಿಕೆಗಳೂ ಬಂದವು. ಆದರೂ ಮಾಸ್ಕೋ ನಗರದಿಂದ ಪ್ರಯಾಣ ಮಾಡಿ ಅವರು ಬರ್ಲಿನ್ನಿಗೆ ಬಂದರು. ಆಗಸ್ಟ್ 30ರಂದು ಸಂಗಾತಿಗಳ ತೋಳನ್ನು ಹಿಡಿದುಕೊಂಡು ಅಧ್ಯಕ್ಷಪೀಠವನ್ನು ಏರಿದರು. ಎದುರಿಗೆ ಸಮವಸ್ತ್ರ ಧರಿಸಿ ಸಾಲುಸಾಲಾಗಿ ಕುಳಿತ ನಾಜಿ ಸದಸ್ಯರು. ಮೊದಮೊದಲು ಕ್ಷೀಣವಾಗಿದ್ದ ದನಿ ಬರಬರುತ್ತ ಗಟ್ಟಿಯಾಯಿತು. ಪಕ್ಷಭೇದ, ಮತಭೇದಗಳನ್ನು ಬದಿಗಿಟ್ಟು ದುಡಿಯುವ ಜನರೆಲ್ಲ ಒಂದಾಗಿ ಫ್ಯಾಸಿಸಂ ಅನ್ನು ತಡೆಯಬೇಕೆಂದು ಅವರು ಕೇಳಿಕೊಂಡರು. ಆ ಐಕ್ಯದಲ್ಲಿ ಕೋಟ್ಯಂತರ ಹೆಂಗಸರಿಗೂ ಸ್ಥಾನವಿರಬೇಕೆಂಬ ತಮ್ಮ ಹಳೆಯ ವಿಚಾರವನ್ನು ಅಲ್ಲಿಯೂ ಅವರು ಮರೆಯಲಿಲ್ಲ. ಭಾಷಣ ಮುಗಿದ ಮೇಲೆ ನಿಯಮದಂತೆ ಸಭಾಧ್ಯಕ್ಷರ ಚುನಾವಣೆ ನಡೆಯಿತು. ಗೆದ್ದವನು ಹಿಟ್ಲರನ ಬಲಗೈಯಾದ ಹರ್ಮನ್ ಗೋರಿಂಗ್.

ಕ್ಲಾರಾ ಬೇಡಿದ ಐಕ್ಯ ಒದಗಿಬರಲಿಲ್ಲ. 1933ರ ಜನವರಿ 30ರಂದು ಹಿಟ್ಲರನು ಪ್ರಧಾನಿಯಾದನು. ಕ್ಲಾರಾ ಅವರಂಥವರಿಗೆ ಜರ್ಮನಿಯಲ್ಲಿ ಮತ್ತೆ ನೆಲೆಯಿಲ್ಲದಾಯಿತು. ಅದೇ ವರ್ಷದ ಜೂನ್ 20ರಂದು ಮಾಸ್ಕೋ ನಗರದ ಹತ್ತಿರದ ಅರ್ಖಾಂಗೆಲ್ಸ್‌ಕೊಯೆ ಎಂಬಲ್ಲಿ ಅವರು ಕಣ್ಮುಚ್ಚಿದರು. ಅವರ ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಲಾಯಿತು.

ಎರಡನೆಯ ಮಹಾಯುದ್ಧದ ಅನಂತರ ಪೂರ್ವ ಜರ್ಮನಿಯು ತನ್ನ ಹತ್ತು ಮಾರ್ಕಿನ ನೋಟಿನ ಮೇಲೆ ಕ್ಲಾರಾ ಅವರ ಚಿತ್ರವನ್ನು ಅಚ್ಚು ಹಾಕಿಸಿತ್ತು. ಬರ್ಲಿನ್ನಿನಲ್ಲಿ ಸಂಸದ್ಭವನದ ಕಡೆಗೆ ಹೋಗುವ ಒಂದು ಬೀದಿಗೂ ಅವರ ಹೆಸರನ್ನಿಟ್ಟಿತ್ತು. 1990ರಲ್ಲಿ ಎರಡು ಜರ್ಮನಿಗಳೂ ಒಂದಾದವು. ನೋಟು ಚಲಾವಣೆಯಿಂದ ಹೋಯಿತು. 1995ರಲ್ಲಿ ಬೀದಿಯ ಹೆಸರನ್ನು ತೆಗೆದು ಹಿಂದಿನ ಕಾಲದ ಒಬ್ಬ ರಾಜವಂಶದ ಮಹಿಳೆಯ ಹೆಸರನ್ನು ಮರಳಿ ಇಡಲಾಯಿತು. ವಿಶ್ವಸಂಸ್ಥೆಯು 1977ರಲ್ಲಿ ಮಹಿಳಾ ದಿನದ ಆಚರಣೆಗೆ ಎಲ್ಲ ರಾಷ್ಟ್ರಗಳಿಗೂ ಕರೆ ಕೊಟ್ಟಿತ್ತಷ್ಟೆ. 2019ರಲ್ಲಿ ಅದೇ ಬರ್ಲಿನ್ ನಗರವು ಮಾರ್ಚ್ 8ನ್ನು ಸಾರ್ವತ್ರಿಕ ರಜಾ ದಿನವೆಂದು ಘೋಷಿಸಿತು.